ಒಂದು ತಲೆಗೆ ಒಂದು ಬ್ಲೇಡು

ನಗಬೇಡಿ ಸಾರ್, ನಗಬೇಡಿ ಅಂದ್ನಲ್ಲ! ಕೆನ್ನೆ ಮೇಲೆ ಕತ್ತಿ ಇಟ್ಕೊಂಡು ನಿಂತಿದ್ದೀನಿ ನಾನು. ನೀವು ನಕ್ಕರೆ ನೊರೆ ನಿಮ್ಮ ಬಾಯಿಗೆ ಹೋಗುತ್ತೆ, ಹೆಸರು ನನ್ನದು ಕೆಡುತ್ತೆ. ಹಾಂ... ಹಾಗೆ. ತಲೆ ಹಿಂದಕ್ಕೆ. ಗದ್ದ ಮೇಲಕ್ಕೆ. ಇನ್ನು ಬಾಯಿ ಬಿಡೋ ಹಾಗಿಲ್ಲ. ಹೌದು ಅನ್ನೋದಿದ್ರೆ ಒಂದು ಬೆರಳೆತ್ತಿ, ಅಲ್ಲ ಅನ್ನೋದಿದ್ರೆ ಎರಡು. ಮೂವತ್ತೈದು ವರ್ಷ ಹಸಿರು ಬಾವುಟ, ಕೆಂಪು ಬಾವುಟ ತೋರಿಸಿಯೇ ರೈಲು ಓಡಿಸಿದ ಸ್ಟೇಷನ್ ಮಾಸ್ಟರಿಗೆ ಎರಡು ಬೆರಳು ಕಷ್ಟವಾ?

ಎಲ್ಲಿದ್ದೆ ನಾನು? ಡ್ರಮ್ಮು! ಹಾಂ, ಡ್ರಮ್ಮು.

ಈ ತಾರಸಿ ಮೇಲೆ ಸಾರ್, ನಿಮ್ಮ ನೆತ್ತಿಯಿಂದ ನೆಟ್ಟಗೆ ಹತ್ತಡಿ ಮೇಲೆ, ಒಂದು ಮರ ಇದೆ. ಗಿಡ ಅಲ್ಲ, ಮರ! ನನ್ನ ಎತ್ತರಕ್ಕಿಂತ ಒಂದು ಗೇಣು ಜಾಸ್ತಿ. ನೀಲಿ ಡ್ರಮ್ಮಲ್ಲಿ ನಿಂತಿದೆ. ಆ ಡ್ರಮ್ಮು ನನ್ನವಳು ನೀರು ತುಂಬಿಡೋದಕ್ಕೆ ಅಂತ ತರಿಸಿದ್ದು. ನಾನು ಅದರ ತಳಕ್ಕೆ ಏಳು ತೂತು ಕೊರೆದ ದಿನ ಅವಳು ಏನಂದ್ಲು ಗೊತ್ತಾ? 'ತಲೆ ಬೋಳಿಸೋ ಕೆಲಸ ಸಾಕಾಗಿ ಈಗ ಸಂಸಾರ ಬೋಳಿಸೋಕೆ ಶುರು ಮಾಡಿದ್ರಾ' ಅಂದ್ಲು. ಅಯ್ಯೋ, ಮತ್ತೆ ನಕ್ಕರು! ಹೊಟ್ಟೆ ಕುಣಿಯೋದು ಬಟ್ಟೆ ಮೇಲಿಂದಾನೇ ಕಾಣುತ್ತೆ ಸಾರ್.

ಅದು ನಿಂಬೆ. ಬೀಜ ಹಾಕಿ ಬೆಳೆಸಿದ ನಿಂಬೆ, ಆರು ವರ್ಷದ್ದು. ಗೊಬ್ಬರ ಏನು ಹಾಕಿದೆ ಅಂತ ಕೇಳಿ. ಕೂದಲು! ಈ ನೆಲದ ಮೇಲೆ ದಿನಾ ಬೀಳುತ್ತಲ್ಲ, ಅದೇ. ಮಣ್ಣಲ್ಲಿ ಕಲಸಿ ಹಾಕಿದ್ರೆ ನಿಧಾನಕ್ಕೆ ಕರಗಿ ಸಾರ ಬಿಡುತ್ತೆ. ಇಡೀ ಬೀದಿಯ ತಲೆ ಆ ಡ್ರಮ್ಮಲ್ಲಿದೆ ಸಾರ್. ಬೇಕರಿಯವನ ಗುಂಗುರು ಕೂದಲು, ವಕೀಲರ ಮೀಸೆ, ಎಲ್ಲಾ. ನಿಮ್ಮದೂ ಇದೆ... ಇದ್ದಷ್ಟು.

ಹುಬ್ಬು ಗಂಟಿಕ್ಕಬೇಡಿ, ತಮಾಷೆಗೆ ಅಂದೆ.

ಯಾಕೋ ಇವತ್ತು ನನ್ನ ನಾಲಿಗೆ ನಿಲ್ತಾನೇ ಇಲ್ಲ. ನನಗೆ ರೇಡಿಯೋ ಅಂತ ಹೆಸರಿಟ್ಟೋರೇ ನೀವು, ಇವತ್ತು ಅನುಭವಿಸಿ! ಬೆಳಿಗ್ಗೆಯಿಂದ ಎರಡು ಸಲ ಕನ್ನಡಿ ಒರೆಸಿದ್ದೀನಿ, ಮೂರು ಸಲ ಏಣಿ ಹತ್ತಿದ್ದೀನಿ. ಬೇಕರಿಯವನಿಗೆ ಕಿವಿ ಪಕ್ಕದ ಕೃದಾ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ ಬಿಟ್ಟು ಕಳಿಸಿದೀನಿ. ಅವನಿಗಿನ್ನೂ ಗೊತ್ತಾಗಿಲ್ಲ, ನೀವು ಹೇಳಬೇಡಿ!

ಶಟರ್ ಯಾಕೆ ಅರ್ಧ ಇಳಿಸಿದೀನಿ ಅಂತ ನೋಡ್ತಿದ್ದೀರಾ? ಹೌದು ಸಾರ್, ನಿಮ್ಮದು ಭಾನುವಾರದ ಪಾಳಿ, ಇವತ್ತು ಗುರುವಾರ. ಭಾನುವಾರದವರೆಗೂ ತಡೆಯೋಕಾಗ್ಲಿಲ್ಲ ನನಗೆ. ಅದಕ್ಕೇ ಮನೆ ಬಾಗಿಲಿಗೇ ಬಂದು ಕರ್ಕೊಂಡು ಬಂದೆ. ಹಾಂ... ಅಮ್ಮಾವ್ರು ಅಡುಗೆಮನೆ ಕಿಟಕಿಯಿಂದ ಇಣುಕಿದ್ರು. 'ಸಾರ್‌ನ ಒಂದರ್ಧ ಗಂಟೆ ಕರ್ಕೊಂಡು ಹೋಗ್ಲಾ ಅಮ್ಮಾ' ಅಂದೆ. 'ಅಲ್ಲೇ ಇಟ್ಕೊಳ್ಳಿ' ಅಂದ್ರು!

ನಗ್ಲಿಲ್ಲ ನೀವು. ಇದಕ್ಕೆ ನಗ್ತೀರಾ ಅಂದ್ಕೊಂಡಿದ್ದೆ.

ಇನ್ನೂ ನೆಟ್ಟಗೆ ಮಾತಿಲ್ವಾ ಸಾರ್ ಮನೇಲಿ?

ಒಂದು ಬೆರಳು... ಅಂದ್ರೆ ಇಲ್ಲ ಅನ್ನೋದು ಹೌದು. ಅಲ್ವಾ? ಕಿತ್ತಳೆ ಮರ ಕಡಿಸಿ ವರ್ಷ ಆಯ್ತಲ್ಲ ಸಾರ್! ಇನ್ನೂ ಅದೇನಾ? 'ಬುಡಕ್ಕೆ ಬಚ್ಚಲ ನೀರು ತಿರುಗಿಸಿ ನನ್ನ ಮರ ಕೊಂದ್ರಿ' ಅಂತ? ಊಟಕ್ಕೆ ಬನ್ನಿ, ಔಷಧಿ ತಗೊಳ್ಳಿ, ಬಾಗಿಲು ಹಾಕ್ಕೊಳ್ಳಿ... ಅಷ್ಟೇನಾ? ಅಯ್ಯಯ್ಯೋ. ಸರಿ, ಈ ಕಡೆ ತಿರುಗಿ. ಬೇರೆ ಮಾತಾಡೋಣ.

ಕಸಿ ಬಗ್ಗೆ ಹೇಳ್ತೀನಿ. ನಿಂಬೆ ಮರದ ಮೇಲೆ ಬೇರೆ ಹಣ್ಣು ಬೆಳೆಸಬಹುದು, ಗೊತ್ತಾ ನಿಮಗೆ? ಒಂದೇ ಬುಡ, ಒಂದೇ ಬೇರು, ಮೂರು ಕೊಂಬೆಗೆ ಮೂರು ಥರದ ಹಣ್ಣು! ಮೊದಲನೇ ಸಲ ಕೇಳಿದಾಗ ನಾನೂ ನಿಮ್ಮ ಹಾಗೇ ಹುಬ್ಬೇರಿಸಿದ್ದೆ. ತೋಟಗಾರಿಕೆ ಆಫೀಸಿನವರೊಬ್ಬರು ಬರ್ತಾರಲ್ಲ, ಕಿವಿಯಲ್ಲೆಲ್ಲ ಕೂದಲು, ಅವರು ಹೇಳಿಕೊಟ್ಟಿದ್ದು. ನಮಗೆ ಬೇಕಾದ ಮರದ ಕಡ್ಡಿಯಿಂದ ಒಂದೇ ಒಂದು ಮೊಗ್ಗು ಎಬ್ಬಿಸೋದು. ಅಕ್ಕಿಕಾಳಿಗಿಂತ ಚೂರು ದೊಡ್ಡದು. ಕಣ್ಣು ಅಂತಾರೆ ಅದಕ್ಕೆ. ನಿಂಬೆ ತೊಗಟೆಯನ್ನ ಚೂರು ಸೀಳಿ, ಅಂಗಿ ಜೇಬಿಗೆ ಪೆನ್ನು ಸಿಕ್ಕಿಸಿದ ಹಾಗೆ ಆ ಕಣ್ಣನ್ನ ಒಳಗಿಟ್ಟು, ಪ್ಲಾಸ್ಟಿಕ್ ಪಟ್ಟಿ ಸುತ್ತೋದು. ಮೂರು ವಾರ ಕಾಯೋದು. ಹಸಿರಾಗೇ ಇದ್ರೆ ಬದುಕಿತು. ಕಪ್ಪಾದ್ರೆ ಹೋಯ್ತು.

ನನ್ನನ್ನ ನೋಡಿ ಅವರು, 'ನಿನ್ನ ಕೈ ಇದಕ್ಕೇ ಹುಟ್ಟಿದ್ದು ಕಣಯ್ಯಾ' ಅಂದ್ರು. ಸುಮ್ನೆ ಅಲ್ಲ ಸಾರ್! ಹದಿನಾಲ್ಕನೇ ವಯಸ್ಸಿಂದ ಕತ್ತಿ ಹಿಡಿದ ಕೈ ಇದು. ಇಲ್ಲಿ, ನಿಮ್ಮ ಗಂಟಲ ಮೇಲೆ, ಈ ಮೂಳೆ ಮೇಲೆ ಹೋಗ್ತಾ ಇದೆಯಲ್ಲ, ಗೊತ್ತಾಯ್ತಾ? ಗೊತ್ತಾಗ್ಲೇ ಇಲ್ಲ ಅಲ್ವಾ?

ಹೊಸ ಬ್ಲೇಡು ಸಾರ್, ಭಯ ಬೇಡ. ಕವರ್ ನಿಮ್ಮೆದುರೇ ಹರಿದೆ. ಹಿಂದಿನ ಗೋಡೆ ಮೇಲೆ ಇಪ್ಪತ್ತು ವರ್ಷದಿಂದ ನೇತಾಡ್ತಿದೆಯಲ್ಲ ಬೋರ್ಡು, ಕೆಂಪು ಬಣ್ಣದಲ್ಲಿ ನಾನೇ ಬರೆದಿದ್ದು: 'ಒಂದು ತಲೆಗೆ ಒಂದು ಬ್ಲೇಡು.' ಕನ್ನಡಿಯಲ್ಲಿ ತಿರುಗುಮುರುಗಾಗಿ ಕಾಣುತ್ತೆ, ಆದ್ರೆ ನಿಮಗದು ಬಾಯಿಪಾಠ. ಮಂತ್ರಿನೇ ಬಂದು ಕೂತ್ರೂ ಅಷ್ಟೇ, ತರಕಾರಿಯವನು ಬಂದ್ರೂ ಅಷ್ಟೇ. ಒಬ್ಬರ ಮುಖ ಮುಟ್ಟಿದ ಬ್ಲೇಡು ಇನ್ನೊಬ್ಬರಿಗಿಲ್ಲ. ಒಬ್ಬರ ಗಾಯ ಇನ್ನೊಬ್ಬರಿಗೆ ಯಾಕೆ ಅಂಟಿಸ್ಬೇಕು?

...ಇರಿ, ಕೈ ಒರೆಸ್ಕೋತೀನಿ. ಸೆಖೆ.

ಹಾಂ, ಮೂರು ಹಣ್ಣು! ಒಂದು ನಿಂಬೆ, ಅದು ಇದ್ದೇ ಇದೆ. ಎರಡನೇದು ಮೋಸಂಬಿ ಆಗ್ಬೇಕು ಅಂತ ಆಸೆ ಇತ್ತು. ಹಲ್ಲಿನ ಡಾಕ್ಟರ ಮನೆ ಹಿತ್ತಿಲಲ್ಲಿ ಒಂದಿತ್ತು. ಅವರ ತಂದೆ ಹಾಸಿಗೆ ಹಿಡಿದಿದ್ರಲ್ಲ, ವಾರಕ್ಕೊಂದು ಸಲ ಹೋಗಿ ಶೇವ್ ಮಾಡ್ತಿದ್ದೆ. ಮೋಸಂಬಿ ಕಣ್ಣು ಕೊಡಿ ಅಂದೆ. 'ತಗೋ, ಆದ್ರೆ ಮರಕ್ಕೇನೋ ಆಗಿದೆ, ಸ್ವಲ್ಪ ನೋಡು' ಅಂದ್ರು. ನೋಡಿದ್ರೆ ಬೊಡ್ಡೆಯಿಂದ ಅಂಟು ಸೋರ್ತಾ ಇದೆ. ಜೇನಿನ ಬಣ್ಣ. ಕೆರೆದು ಕ್ಲೀನ್ ಮಾಡಿಕೊಟ್ಟೆ. ಹಲ್ಲಿನ ಡಾಕ್ಟರ ಮರಕ್ಕೆ ನಾನು ಹಲ್ಲುಜ್ಜಿದ ಹಾಗಾಯ್ತು! ಆ ಕಣ್ಣು ಮಾತ್ರ ಹತ್ತಲಿಲ್ಲ ಸಾರ್, ಹತ್ತೇ ದಿನಕ್ಕೆ ಕಪ್ಪಾಯ್ತು. ಡಾಕ್ಟರ ಮರವೂ ಹೋಯ್ತು. ಹೋಗ್ಲಿ ಬಿಡಿ.

ಮೂರನೇದು! ಮೂರನೇದು ಹತ್ತಿತು! ಅದಕ್ಕೇ ಈ ಶಟರ್ರು, ಅದಕ್ಕೇ ಈ ಗುರುವಾರ, ಅದಕ್ಕೇ ಈ ಬಾಯಿ! ಮೂರು ವರ್ಷ ಸಾರ್. ಮೊದಲನೇ ವರ್ಷ ಬರೀ ಎಲೆ. ಎರಡನೇ ವರ್ಷ ಒಂದು ಹುಳ ಬಂತು. ಹಕ್ಕಿ ಹಿಕ್ಕೆ ಹಾಕಿದ ಹಾಗೇ ಕಾಣುತ್ತೆ ಕಳ್ಳಂದು. ನಾನು ಹಿಕ್ಕೆ ಅಂತಾನೇ ಬಿಟ್ಟೆ, ನೋಡ್ತಾ ನೋಡ್ತಾ ಅರ್ಧ ಕೊಂಬೆ ಬೋಳು. ನನಗೇ ಬೋಳಿಸೋಕೆ ಬಂದಿತ್ತು! ಈ ವರ್ಷ ಹೂವು ಬಿಡ್ತು. ಹನ್ನೊಂದು ಹೂವು. ನಮ್ಮ ತಾರಸಿಗೆ ಜೇನು ಬರುತ್ತೋ ಇಲ್ವೋ ಅಂತ ನಾನೇ ಹಳೇ ಶೇವಿಂಗ್ ಬ್ರಷ್ ತಗೊಂಡು ಹೂವಿಂದ ಹೂವಿಗೆ ಸವರಿದೆ. ದಿನಾ ಬೆಳಿಗ್ಗೆ. ಎದುರು ಮನೆ ಹೆಂಗಸು ನೋಡಿ ನನ್ನವಳಿಗೆ ಹೇಳಿದ್ಲಂತೆ, 'ನಿಮ್ಮೆಜಮಾನ್ರು ಗಿಡಕ್ಕೆ ಶೇವ್ ಮಾಡ್ತಿದ್ರು, ಡಾಕ್ಟರಿಗೆ ತೋರಿಸಿ' ಅಂತ!

ನಗಿ ನಗಿ, ಈಗ ನಗಬಹುದು. ಕತ್ತಿ ಕೆಳಗಿಟ್ಟಿದೀನಿ.

ಹನ್ನೊಂದರಲ್ಲಿ ನಿಂತಿದ್ದು ನಾಲ್ಕು ಕಾಯಿ. ಎರಡು ಗಾಳಿಗೆ ಹೋಯ್ತು. ಒಂದನ್ನ ಅಳಿಲು ತಿಂತು. ಉಳಿದ ಒಂದೇ ಒಂದಕ್ಕೆ ನನ್ನ ಕಾಲುಚೀಲ ತೊಡಿಸಿದೆ. ಒಗೆದಿದ್ದೇ ಸಾರ್, ಮುಖ ಹಿಂಡಬೇಡಿ! ಐದು ತಿಂಗಳು ಒಂದು ಕಾಲಿಗೆ ಕಾಲುಚೀಲ ಇಲ್ಲದೆ ಓಡಾಡಿದೀನಿ. ನೆನ್ನೆ ಸಂಜೆ ಬಿಚ್ಚಿದೆ. ಬಿಚ್ಚಿ... ಅಲ್ಲೇ ಏಣಿ ಮೇಲೆ ಕೂತ್ಬಿಟ್ಟೆ.

ಕನ್ನಡಿ ಕೆಳಗೆ ಆ ಬಿಳಿ ಟವೆಲ್ ಇದೆಯಲ್ಲ. ಎತ್ತಿ. ನೀವೇ ಎತ್ತಿ ಸಾರ್. ಒಂದು ಕಡೆ ಕೆನ್ನೆ ಹಾಗೇ ಇರ್ಲಿ, ನೊರೆ ಒಣಗಿದ್ರೆ ಮತ್ತೆ ಹಚ್ತೀನಿ. ಎತ್ತಿ!

ಹ್ಞಾ...

ಕೈಗೆ ತಗೊಳ್ಳಿ. ತೊಟ್ಟಿನ ಹತ್ತಿರ ನೋಡಿ. ಎಷ್ಟು ಹಣ್ಣಾಗಿದ್ರೂ ಅಲ್ಲೊಂದು ಹಸಿರು ಉಂಗುರ ಉಳಿದಿದೆ ಅಲ್ವಾ? ಬಳೆ ತೊಟ್ಟ ಹಾಗೆ? ಎಲ್ಲಿ ನೋಡಿದ್ರಿ ಅಂಥ ಕಿತ್ತಳೆ? ಮಾರ್ಕೆಟ್ಟಲ್ಲಿ? ಊಹೂಂ! ಉಗುರಿಂದ ಸಿಪ್ಪೆ ಚೂರು ಗೀರಿ ಮೂಸಿ. ಅಮ್ಮಾವ್ರು ಮಾಡ್ತಿದ್ರಲ್ಲ, ಹಾಗೆ. ಹಾಂ...

ಸಾರ್, ಅಳ್ತಿದ್ದೀರಾ? ಅಳಬೇಡಿ ಸಾರ್, ನನಗೂ ಬರುತ್ತೆ. ಅಳ್ತಾ ನಗ್ತಿದ್ದೀರಲ್ಲ, ನೊರೆಯೆಲ್ಲ ಬಟ್ಟೆ ಮೇಲೆ! ನಿಮ್ಮ ಮರದ್ದೇ ಸಾರ್! ನಿಮ್ಮದೇ! ಸತ್ತಿಲ್ಲ ನಿಮ್ಮ ಮರ! ಇಲ್ಲೇ ಇದೆ, ನಿಮ್ಮ ತಲೆ ಮೇಲೇ ಇದೆ! ನೀವು ಭಾನುವಾರ ಭಾನುವಾರ ಬಂದು ಇದೇ ಕುರ್ಚಿಯಲ್ಲಿ 'ಹೋಯ್ತಲ್ಲೋ ರೇಡಿಯೋ, ಅಂಥ ಮರ ಹೋಯ್ತಲ್ಲೋ' ಅಂತಿದ್ರಿ. ಮೇಲೆ ಅದು ಎಲೆ ಬಿಡ್ತಾ ಇತ್ತು, ಕೆಳಗೆ ನಾನು ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದೆ. ಹಣ್ಣು ಬಿಡೋವರೆಗೂ ಹೇಳಬಾರದು, ಆಸೆ ಹುಟ್ಟಿಸಿ ನಿರಾಸೆ ಮಾಡಬಾರದು ಅಂತ. ಏನು ಕಷ್ಟ ಗೊತ್ತಾ ಸಾರ್, ರೇಡಿಯೋಗೆ ಸುಮ್ನಿರೋದು!

ಏನು? ಹೇಗೆ ಬಂತು ಅಂತಾನಾ? ಅದು... ಹೆ ಹೆ... ಬೈಯ್ಯಲ್ಲ ಅಂತ ಬೆರಳೆತ್ತಿ. ಎತ್ತಿ ಮೊದಲು. ಹಾಂ.

ಕದ್ದೆ.

ಒಂದೇ ಒಂದು ಕಡ್ಡಿ ಸಾರ್! ಅಮ್ಮಾವ್ರನ್ನ ಎಷ್ಟು ಸಲ ಕೇಳಿದ್ದೆ ಹೇಳಿ. ಕಡ್ಡಿ ಕೇಳಿದ್ರೆ ಹಣ್ಣು ಕೊಟ್ಟು ಕಳಿಸೋರು. 'ಹಣ್ಣು ಎಷ್ಟಾದ್ರೂ ತಿನ್ನು, ನನ್ನ ಮರಕ್ಕೆ ಕತ್ತಿ ತಾಗಬಾರದು' ಅನ್ನೋರು. ಅಷ್ಟರಲ್ಲಿ ನಿಮ್ಮ ಮಗಳ ಹೆರಿಗೆ ಬಂತು. ನೀವಿಬ್ಬರೂ ಒಂದು ತಿಂಗಳು ಊರಲ್ಲಿರಲಿಲ್ಲ. ಗೇಟಿನ ಬೀಗದ ಕೈ ನನ್ನ ಕೈಗಿಟ್ಟು, 'ಮರಕ್ಕೆ ದಿನಾ ನೀರು ಹಾಕಯ್ಯಾ' ಅಂದ್ರಿ. ಹಾಕಿದೆ ಸಾರ್, ಒಂದು ದಿನ ತಪ್ಪಿಸಲಿಲ್ಲ. ಒಂದು ದಿನ ಮಾತ್ರ ಮನಸ್ಸು ತಡೀಲಿಲ್ಲ. ಹೇಗೂ ಜೇಬಲ್ಲಿ ಚಾಕು ಇತ್ತು, ಮಡಚೋ ಚಾಕು. ಬೆಳಿಗ್ಗೆ ಹಲ್ಲಿನ ಡಾಕ್ಟರ ಮನೆಗೆ ಹೋಗಿ ಮೋಸಂಬಿ ಕೆಲಸ ಮುಗಿಸ್ಕೊಂಡು ಬಂದಿದ್ದೆ. ಮೋಸಂಬಿ ಆಯ್ತು, ಇನ್ನು ಕಿತ್ತಳೆ ಒಂದಾದ್ರೆ ಮೂರು ಹಣ್ಣಿನ ಮರ ಆಗುತ್ತಲ್ಲ ಅಂತ ತಲೆ ಕುಣೀತಾ ಇತ್ತು. ಗೋಡೆ ಪಕ್ಕದ ಕೊಂಬೆಯಿಂದ ಪೆನ್ಸಿಲ್ ಉದ್ದದ ಕಡ್ಡಿ ಒಂದು. ಅಷ್ಟೇ!

ಬರೀ ಕದ್ದು ಹೋಗ್ಲಿಲ್ಲ ಸಾರ್. ತಪ್ಪು ಅನ್ನಿಸ್ತು. ಬದಲಿಗೆ ಏನಾದ್ರೂ ಸೇವೆ ಮಾಡಿ ಹೋಗೋಣ ಅನ್ನಿಸ್ತು. ನೋಡಿದ್ರೆ ಬುಡದ ಸುತ್ತ ಚಿಗುರು ಎದ್ದಿತ್ತು, ವಾರದ ಗಡ್ಡ ಬಂದ ಹಾಗೆ. ನನ್ನ ಕೈ ಸುಮ್ನಿರುತ್ತಾ? ಗಡ್ಡ ನೋಡಿದ್ರೆ ಬೆರಳು ತುರಿಸುತ್ತೆ ನನಗೆ. ಅದೇ ಚಾಕಲ್ಲಿ ಬುಡ ಪೂರ್ತಿ ನುಣ್ಣಗೆ ಬೋಳಿಸಿ, ಒಣಗಿದ ಕಡ್ಡಿನೆಲ್ಲ ತೆಗೆದು, ಮರಕ್ಕೆ ಮದುವೆ ಕಳೆ ಬರಿಸಿಬಿಟ್ಟೆ! ಮನೆಗೆ ಬಂದು ಹೊಸ ಬ್ಲೇಡ್ ಒಡೆದು, ಕಡ್ಡಿ ತುದಿ ಕತ್ತರಿಸಿ ಬಿಸಾಕಿ, ಕಣ್ಣು ಎಬ್ಬಿಸಿ ಕೂರಿಸಿದೆ. ಹತ್ತಿತು!

ಈಗ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ ಸಾರ್. ನಾನು ಅವತ್ತು ಕದಿಯದೇ ಇದ್ದಿದ್ರೆ ಇವತ್ತು ಈ ಹಣ್ಣು ಎಲ್ಲಿಂದ ಬರ್ತಿತ್ತು? ಅಲ್ವಾ? ಹೇಳಿ. ಇದನ್ನ ತಗೊಂಡು ಹೋಗಿ ಅಮ್ಮಾವ್ರ ಕೈಗೆ ಕೊಡಿ. ಉಂಗುರ ನೋಡಿದ ತಕ್ಷಣ ಗೊತ್ತಾಗುತ್ತೆ ಅವರಿಗೆ. ಆ ಮೂಲೆ ನೋಡಿ, ಆ ಪೇಂಟ್ ಡಬ್ಬದಲ್ಲಿ ಪುಟ್ಟ ಗಿಡ. ಅದಕ್ಕೂ ಇದೇ ಕಣ್ಣು ಕೂರಿಸಿದೀನಿ. ಹಳೇ ಜಾಗದಲ್ಲಿ ಬೇಡ, ಗೇಟಿನ ಬಲಕ್ಕೆ ನೆಡೋಣ. ಗುಂಡಿ ನಾನೇ ತೋಡ್ತೀನಿ. ಅಮ್ಮಾವ್ರು ನಗ್ತಾರೆ, ನಿಮ್ಮ ಜೊತೆ ಮಾತಾಡ್ತಾರೆ, ಎಲ್ಲಾ ಸರಿ ಹೋಗುತ್ತೆ! ಅಲ್ವಾ ಸಾರ್?

ಸಾರ್?

ಬೆರಳೆತ್ತಿ ಸಾರ್. ಒಂದು... ಎರಡು... ಯಾವುದಾದ್ರೂ ಸರಿ.

ಈಗ ಕತ್ತಿ ಇಲ್ಲ ಕೆನ್ನೆ ಮೇಲೆ. ಮಾತಾಡಬಹುದು. ಹಣ್ಣು ನೋಡ್ತಿದ್ದೋರು ಕನ್ನಡಿ ಯಾಕೆ ನೋಡ್ತಿದ್ದೀರಿ? ನೊರೆನಾ? ಒರೆಸ್ತೀನಿ ಇರಿ. ಅಲ್ವಾ? ಮತ್ತೆ... ನನ್ನನ್ನಾ? ಅಲ್ಲ, ನನ್ನ ಹಿಂದೆ...

ಬೋರ್ಡಾ?

ಅದನ್ನೇನು ನೋಡೋದು ಸಾರ್, ಹಳೇ ಬೋರ್ಡು. ಬಣ್ಣ ಹೋಗಿದೆ. ಈ ಸಲ ಹೊಸದು ಬರೆಸ್ಬೇಕು ಅಂತಿದ್ದೆ... ಓದಬೇಡಿ ಸಾರ್ ಅದನ್ನ.

ಹಾಗೆ ನೋಡಬೇಡಿ. ಬೈದುಬಿಡಿ. ಎರಡು ಕೊಟ್ಟುಬಿಡಿ ಬೇಕಾದ್ರೆ. ನೀವು ಟೈಮ್ ಟೇಬಲ್ ಮನುಷ್ಯ, ಯಾವ ಗಾಡಿ ಎಷ್ಟು ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಹೋಯ್ತು ಅಂತ ನಿಮಗೆ ನಾನು ಹೇಳ್ಬೇಕಾ? ಬೆಳಿಗ್ಗೆ ಡಾಕ್ಟರ ಮನೆ. ಮಧ್ಯಾಹ್ನ ನಿಮ್ಮ ಮನೆ.

ಹೌದು ಸಾರ್. ಅದೇ ಚಾಕು.

ತೊಳೀಲಿಲ್ಲ. ಪ್ಯಾಂಟಿಗೆ ಒರೆಸ್ಕೊಂಡೆ. ಅಂಟು ಇನ್ನೂ ಇತ್ತು ಅದರ ಮೇಲೆ, ಮಡಚೋಕೇ ಬರ್ತಿರಲಿಲ್ಲ. ಮನುಷ್ಯರ ಮುಖಕ್ಕೆ ಒಂದು ತಲೆಗೆ ಒಂದು ಬ್ಲೇಡು ಅಂತ ಗೋಡೆ ಮೇಲೆ ಬರೆದ ಈ ಮುಠ್ಠಾಳನಿಗೆ ಮರಕ್ಕೂ ಚರ್ಮ ಇದೆ ಅಂತ ಹೊಳೀಲಿಲ್ಲ. ಮುಂದಿನ ವರ್ಷ ನಿಮ್ಮ ಮರದ ಬುಡದಲ್ಲಿ ಅಂಟು ಸೋರಿತು. ನಾನು ಬೋಳಿಸಿದ ಜಾಗದಲ್ಲೇ, ಒಂದೊಂದು ಗಾಯದಿಂದ ಒಂದೊಂದು ಹನಿ. ಜೇನಿನ ಬಣ್ಣ. ನೀವೇ ನನ್ನ ಕರೆಸಿ ತೋರಿಸಿದ್ರಿ, ನೆನಪಿದೆಯಾ? ಅವತ್ತೇ ತೋಟಗಾರಿಕೆ ಆಫೀಸಿಗೆ ಓಡಿದೆ. ಆಫೀಸಿನವರನ್ನ ಕೇಳಿದೆ, ಯಾರೋ ಪರವೂರಿನ ಸ್ನೇಹಿತನ ಮರ ಅಂತ ಸುಳ್ಳು ಹೇಳಿ. 'ರೋಗದ ಮರ ಮುಟ್ಟಿದ ಚಾಕು ತಾಗಿರಬೇಕು' ಅಂದ್ರು. ಕನ್ನಡಿ ಪಕ್ಕ ಇದೆಯಲ್ಲ, ಅವತ್ತಿಂದ ಆ ಸ್ಪಿರಿಟ್ ಬಾಟಲಿ. ಒಂದು ಎಲೆ ಕೀಳಬೇಕಾದ್ರೂ ಚಾಕು ಅದ್ದಿ ತೆಗೀತೀನಿ. ಏನು ಬಂತು? ನಿಮ್ಮ ಮರ ಹೋದಮೇಲೆ!

ಹ್ಞೂಂ, ಗೊತ್ತು. ಮರದ್ದಲ್ಲ ನೀವು ಕೇಳ್ತಿರೋದು.

ಅಮ್ಮಾವ್ರು ನನ್ನನ್ನೇ ಕೇಳಿದ್ರು ಸಾರ್, ಕಡಿಸಿದ ದಿನ. ನೀವೂ ಅಲ್ಲೇ ಇದ್ರಿ, ಕೊಡಲಿಯವನ ಪಕ್ಕ. 'ನೀನೇ ಹೇಳಪ್ಪಾ, ಇವರು ಬಚ್ಚಲ ನೀರು ತಿರುಗಿಸಿದ್ದಕ್ಕೇ ಅಲ್ವಾ ಹೀಗಾಗಿದ್ದು?' ಅಂದ್ರು. ನೀವು ನನ್ನ ಮುಖ ನೋಡಿದ್ರಿ. ಅಲ್ಲ ಅಂತಾನೆ ಇವನು, ಅನ್ನೋ ಹಾಗೆ ನೋಡಿದ್ರಿ. ನಾನು...

ಇಷ್ಟು ಮಾತಾಡೋ ನಾನು ಅವತ್ತು ಒಂದು ಮಾತಾಡ್ಲಿಲ್ಲ. ತಲೆ ಆಡಿಸಿದೆ. ಹೌದು ಅಂತ. ಒಂದೇ ಸಲ.

ಆ ಒಂದು ಸಲ ತಲೆ ಆಡಿಸಿದ್ದಕ್ಕೆ ವರ್ಷದಿಂದ ನಿಮ್ಮ ಮನೇಲಿ ಮಾತಿಲ್ಲ. ನೀವೂ ನಂಬಿಬಿಟ್ಟಿದ್ರಿ ಅಲ್ವಾ ಸಾರ್, ನೀವೇ ಕೊಂದಿದ್ದು ಅಂತ? ಪ್ರತಿ ಭಾನುವಾರ ಇಲ್ಲಿ ಕೂತು 'ನಾನ್ಯಾಕಾದ್ರೂ ಆ ನೀರು ತಿರುಗಿಸಿದ್ನೋ' ಅಂತಿದ್ರಿ. ನಾನು ಕತ್ತರಿ ಆಡಿಸ್ತಾ 'ಹೋಗ್ಲಿ ಬಿಡಿ ಸಾರ್' ಅಂತಿದ್ದೆ. ಕ್ಷಮಿಸೋನ ಥರ! ನಾಚಿಕೆಗೇಡಿ ನಾನು, ಸಾರ್. ಹಣ್ಣು ಬಿಟ್ಟುಬಿಡ್ಲಿ, ಹಣ್ಣು ಕೊಟ್ಟುಬಿಟ್ರೆ ಆಮೇಲೆ ಯಾರೂ ಏನೂ ಕೇಳಲ್ಲ ಅಂದ್ಕೊಂಡೆ. ಬೆಳಿಗ್ಗೆಯಿಂದ ಕುಣೀತಿದ್ದಿದ್ದು ಖುಷಿಗೂ ಹೌದು, ಭಯಕ್ಕೂ ಹೌದು.

ಏಳ್ತಿದ್ದೀರಾ? ಸಾರ್, ಅರ್ಧ ಮುಖ ಹಾಗೇ ಇದೆ! ಎಡಗಡೆ ಪೂರ್ತಿ ನೊರೆ, ಕುತ್ತಿಗೆಗೆ ಬಟ್ಟೆ ಇನ್ನೂ ಕಟ್ಟಿದೆ... ಹಾಗೇ ಬೀದಿಗೆ ಹೋಗ್ತೀರಾ? ಹುಡುಗರು ನಗ್ತಾರೆ ಸಾರ್. ಹಣ್ಣು ತಗೊಂಡ್ರಾ? ತಗೊಳ್ಳಿ, ತಗೊಳ್ಳಿ, ನಿಮ್ಮದೇ. ಹೋಗಿ. ಇನ್ನು ಈ ಅಂಗಡಿ ಮೆಟ್ಟಿಲು ಹತ್ತದಿದ್ರೂ ನಾನು ಏನೂ ಅನ್ನಲ್ಲ.

...ಯಾಕೆ ನಿಂತ್ರಿ?

ಶಟರ್ ಎತ್ತಿ ಹಿಡ್ಕೊಂಡು ಯಾಕೆ ನಿಂತಿದ್ದೀರಿ, ಈ ವಯಸ್ಸಲ್ಲಿ? ಬಿಡಿ ಸಾರ್, ಭಾರ ಅದು. ನೀವು ಆ ಕಡೆ ಹೋದ್ಮೇಲೆ ನಾನು ಇಳಿಸ್ಕೋತೀನಿ...

ನನಗಾ?

ನನಗೆ ಅಂತ ಹಿಡಿದಿದ್ದೀರಾ?

ಒಂದು ಬೆರಳು.

ಬಂದೆ ಸಾರ್, ಬಂದೆ! ಒಂದು ವರ್ಷ ಲೇಟು ಈ ಗಾಡಿ, ಆದ್ರೂ ಬಂತು. ಪೇಂಟ್ ಡಬ್ಬ ಎತ್ಕೋತೀನಿ. ನೀವು ಗೇಟ್ ತೆಗೀರಿ ಸಾಕು, ಮಾತು ನಂದು. ಗಿಡದ ಬಗ್ಗೆ ಆಮೇಲೆ, ಕಣ್ಣಿನ ಬಗ್ಗೆ ಆಮೇಲೆ. ಹೊಸಿಲು ದಾಟೋ ಮುಂಚೆ ಒಂದೇ ಮಾತು: 'ನೀರಿಂದ ಅಲ್ಲ ಅಮ್ಮಾ. ಸಾರ್ ಅಲ್ಲ. ನಾನು.'